ಭಾಷಣ ಕಲೆಗೆ ಪೇಪರ್ ಇದೆ, ಬಾಯಿ ತೆರೆಯಲು ಪಿರಿಯಡ್ ಇಲ್ಲ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಸುತ್ತು ಹೊಡೆದು, ನೆಹರೂ ರಸ್ತೆ, ದುರ್ಗಿಗುಡಿ ದಾಟಿ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಕಣ್ಣಿಗೆ ಬೀಳುವ ಫ್ಲೆಕ್ಸು, ಬೋರ್ಡುಗಳನ್ನು ಎಣಿಸುವುದು ಕಷ್ಟ. ಅದರಲ್ಲಿ ತಪ್ಪಿಲ್ಲದವನ್ನು ಎಣಿಸುವುದು ಸುಲಭ. ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ 'ಶುಭಾಶಯ' ಹೋಗಿ 'ಶುಭಾಷಯ' ಆಗಿರುತ್ತದೆ. ತೀರಿಕೊಂಡವರ ಫ್ಲೆಕ್ಸಿನಲ್ಲಿ 'ಶ್ರದ್ಧಾಂಜಲಿ'ಯ ಮಹಾಪ್ರಾಣವೂ ಅವರ ಜೊತೆಗೇ ಹೋಗಿಬಿಟ್ಟಿರುತ್ತದೆ. ಇನ್ನೊಂದು ಕಡೆ 'ಶುದ್ಧ ಹಸುವಿನ ತುಪ್ಪ ದೊರೆಯುತ್ತದೆ' ಎಂದಿರುತ್ತದೆ. ಶುದ್ಧವಾಗಿರುವುದು ಹಸುವೋ ತುಪ್ಪವೋ, ಗಿರಾಕಿಯೇ ತೀರ್ಮಾನ ಮಾಡಿಕೊಳ್ಳಬೇಕು. (ಪ್ಲಾಸ್ಟಿಕ್ ಫ್ಲೆಕ್ಸನ್ನು ಸರಕಾರ 2016ರಲ್ಲೇ ನಿಷೇಧಿಸಿದೆ. ಆ ಮಾತು ಇನ್ನೊಂದು ದಿನಕ್ಕಿರಲಿ.)

ಇದನ್ನೆಲ್ಲ ಬರೆಯುವವರು ಯಾರು? ಡಿಟಿಪಿ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗ. ಪಕ್ಕದಲ್ಲಿ ಗಿರಾಕಿ ನಿಂತು 'ಬೇಗ ಆಗ್ಲಿ ಮಾರಾಯ, ಆಟೋ ಕಾಯ್ತಾ ಇದೆ' ಅಂತಿರುತ್ತಾನೆ. ಹುಡುಗನಿಗೆ ಬಂದ ಕನ್ನಡವನ್ನು ಹುಡುಗ ಹೊಡೆದು ಕೊಡುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಫ್ಲೆಕ್ಸಿಗೆ ಚದರ ಅಡಿಗೆ ಇಷ್ಟು ಎಂದು ರೇಟಿದೆ. ಅದರ ಮೇಲಿನ ಅಕ್ಷರಕ್ಕೆ ರೇಟಿಲ್ಲ. ಕೊಡುವವರಿಲ್ಲ, ಹಾಗಾಗಿ ಕೇಳುವವರೂ ಇಲ್ಲ.

ವಿಚಿತ್ರ ಏನೆಂದರೆ, ಇದೇ ಅಕ್ಷರದ ಕೆಲಸವನ್ನು ಕಾಲೇಜುಗಳಲ್ಲಿ ಪಾಠವಾಗಿ ಇಟ್ಟಿದ್ದಾರೆ. ಬರವಣಿಗೆ ಕೌಶಲ, ಭಾಷಣ ಕಲೆ, ಜಾಹೀರಾತು ಎಲ್ಲಕ್ಕೂ ಸಿಲೆಬಸ್ ಉಂಟು, ಯೂನಿಟ್ ಉಂಟು, ಪರೀಕ್ಷೆ ಉಂಟು, ಅಂಕ ಉಂಟು. ವರ್ಷಾ ವರ್ಷಾ ಹುಡುಗ ಹುಡುಗಿಯರು ಇದರಲ್ಲಿ ಪಾಸೂ ಆಗುತ್ತಾರೆ. ಪಾಸಾದವರಲ್ಲಿ ಎಷ್ಟೋ ಜನ ಒಂದು ರಜಾ ಅರ್ಜಿ ಬರೆಯಬೇಕಾದರೆ ಪಕ್ಕದವರ ಮುಖ ನೋಡುತ್ತಾರೆ. ಊರಿನ ಸಭೆಯಲ್ಲಿ ಮೈಕು ಕೈಗೆ ಕೊಟ್ಟರೆ 'ವೇದಿಕೆಯ ಮೇಲೆ ಆಸೀನರಾಗಿರುವ' ಎಂದು ಶುರುಮಾಡಿ, ಆಸೀನರಾದವರ ಪಟ್ಟಿ ಮುಗಿದ ಮೇಲೆ ಮುಂದೇನೆಂದು ತೋಚದೆ ಕೂತುಬಿಡುತ್ತಾರೆ. ತಪ್ಪು ಮಕ್ಕಳದ್ದು ಅಂತ ಕೈ ತೊಳೆದುಕೊಳ್ಳುವುದು ಸುಲಭ. ಒಳಗೆ ಹೋಗಿ ನೋಡಿದರೆ ಕಥೆ ಬೇರೆ ಇದೆ.

ಎಪ್ಪತ್ತು ವರ್ಷ ದಾಟಿದ ಪಾಠ

ಇದೇನೂ ನಿನ್ನೆ ಮೊನ್ನೆ ಬಂದ ವಿಷಯವಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮವನ್ನು ಡಿಗ್ರಿ ಪಾಠವಾಗಿ ಶುರುಮಾಡಿದ್ದು 1951ರಲ್ಲಿ. ಪತ್ರಿಕೆ ಕೆಲಸವನ್ನು ಪತ್ರಿಕಾಲಯದಲ್ಲಿ ಬೈಸಿಕೊಂಡೇ ಕಲಿಯಬೇಕು ಎಂಬುದು ಆಗಿನ ಮಾತು. ಯುಜಿಸಿ 1994-95ರಲ್ಲಿ ವೃತ್ತಿ ವಿಷಯಗಳ ಯೋಜನೆ ತಂದಾಗ 'ಫಂಕ್ಷನಲ್ ಇಂಗ್ಲಿಷ್' ಬಂತು, ಜಾಹೀರಾತು ಮತ್ತು ಮಾರಾಟ ಪ್ರಚಾರ ಎಂಬ ವಿಷಯವೂ ಬಂತು. ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಹುಟ್ಟಿತು. ಶಂಕರಘಟ್ಟದಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗವೂ ಇದೆ.

2021ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂತು. ದೇಶದಲ್ಲೇ ಮೊದಲು ಆದೇಶ ಹೊರಡಿಸಿದ್ದು ತಾವೇ ಎಂದು ಆಗಿನ ರಾಜ್ಯ ಸರಕಾರ ಬೆನ್ನು ತಟ್ಟಿಕೊಂಡಿತು. ನಾಲ್ಕು ವರ್ಷದ ಡಿಗ್ರಿ, ಮುಕ್ತ ಆಯ್ಕೆಯ ಪೇಪರ್. ಬಿ.ಎಸ್ಸಿ. ಹುಡುಗನೂ ಬೇಕಾದರೆ ಪತ್ರಿಕಾ ಬರವಣಿಗೆ ಕಲಿಯಬಹುದು ಎಂದರು. ಅದಕ್ಕೆ ಪುಸ್ತಕ ಬಂದು, ಮೇಷ್ಟ್ರುಗಳು ನೋಟ್ಸ್ ಮಾಡಿಕೊಂಡು ಒಂದು ಹದಕ್ಕೆ ಬರುವ ಹೊತ್ತಿಗೆ ಸರಕಾರ ಬದಲಾಯಿತು. 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. 2024ರ ಮೇ ತಿಂಗಳಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ ಎಂಬ ಆದೇಶ ಹೊರಬಿತ್ತು. ಮೂರು ವರ್ಷದ ಬ್ಯಾಚು ಒಂದು ನೀತಿ, ಆಮೇಲಿನವರು ಇನ್ನೊಂದು ನೀತಿ. ಯಾವ ನೀತಿ ಒಳ್ಳೆಯದು ಎಂಬ ಜಗಳ ಬೆಂಗಳೂರಿನವರದ್ದು. ತರಗತಿಯಲ್ಲಿ ಕೂತವನಿಗೆ ಕಂಡದ್ದು ಇಷ್ಟೇ: ಪೇಪರಿನ ಹೆಸರು ಬದಲಾಯಿತು, ಪಾಠ ಮಾಡುವ ಕ್ರಮ ಬದಲಾಗಲಿಲ್ಲ.

ಆ ಕ್ರಮ ಹೇಗಿದೆ? ಮೇಷ್ಟ್ರು ನೋಟ್ಸ್ ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ 'ಉತ್ತಮ ಭಾಷಣಕಾರನ ಲಕ್ಷಣಗಳನ್ನು ವಿವರಿಸಿ', 'ಜಾಹೀರಾತಿನ ವಿಧಗಳನ್ನು ಬರೆಯಿರಿ' ಎಂಬಂಥ ಪ್ರಶ್ನೆ ಬೀಳುತ್ತದೆ. ಲಕ್ಷಣ ಹತ್ತು ಬರೆದವನಿಗೆ ಹತ್ತು ಅಂಕ. ಅವನು ಮೂರು ವರ್ಷದಲ್ಲಿ ಒಂದು ಸಲವೂ ಎದ್ದು ನಿಂತು ಮಾತಾಡದೇ ಇದ್ದರೂ ಆ ಅಂಕಕ್ಕೆ ಧಕ್ಕೆ ಇಲ್ಲ. ತುಂಗಾ ನದಿ ದಡದಲ್ಲಿ ಕೂರಿಸಿ ಈಜಿನ ಲಕ್ಷಣಗಳನ್ನು ಬರೆಸಿ, ಸರ್ಟಿಫಿಕೇಟ್ ಕೊಟ್ಟು, ನೀರಿಗೆ ತಳ್ಳಿದ ಹಾಗೆ.

ಅಂಗಡಿ ಲೆಕ್ಕದಲ್ಲಿ ನೋಡಿ

ಇದು ಮೇಷ್ಟ್ರುಗಳ ಸೋಮಾರಿತನ ಎಂದು ಯಾರಾದರೂ ಅಂದರೆ ಅವರು ಲೆಕ್ಕ ಹಾಕಿಲ್ಲ ಎಂದರ್ಥ. ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಹಾಕಿಯೇ ನೋಡೋಣ.

ಒಂದು ತರಗತಿಯಲ್ಲಿ 60 ಮಕ್ಕಳು ಎಂದುಕೊಳ್ಳಿ. ಎಲ್ಲರೂ ಒಂದೊಂದು ಪುಟ ಬರೆದರು. ಒಂದು ಪುಟವನ್ನು ಓದಿ, ಕಾಗುಣಿತ ತಿದ್ದಿ, ಎಲ್ಲಿ ವಾಕ್ಯ ಮುರಿದಿದೆ ಎಂದು ಅಂಚಿನಲ್ಲಿ ಬರೆಯುವುದಕ್ಕೆ 8 ನಿಮಿಷವಾದರೂ ಬೇಕು. ಒಟ್ಟು 480 ನಿಮಿಷ, ಅಂದರೆ 8 ಗಂಟೆ. ಇಂಥ ಮೂರು ತರಗತಿ ಇದ್ದರೆ 24 ಗಂಟೆ. ಮೇಷ್ಟ್ರ ಕಾರ್ಯಭಾರದ ಲೆಕ್ಕದಲ್ಲಿ ಪಾಠ ಮಾಡಿದ ಗಂಟೆ ಮಾತ್ರ ಜಮಾ. ತಿದ್ದಿದ ಗಂಟೆಗೆ ಜಮಾ ಖರ್ಚಿನಲ್ಲಿ ಜಾಗವೇ ಇಲ್ಲ.

ಆ ಮೇಷ್ಟ್ರಾದರೂ ಯಾರು? ಸರಕಾರಿ ಪ್ರಥಮದರ್ಜೆ ಕಾಲೇಜುಗಳ ಪಾಠದ ಬಹುಭಾಗ ಹೊತ್ತಿರುವುದು ಅತಿಥಿ ಉಪನ್ಯಾಸಕರು. ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ. ಹೆಸರಿಗೆ ಅತಿಥಿ. ಹತ್ತು ಹದಿನೈದು ವರ್ಷದಿಂದ ಉಳಿದುಕೊಂಡಿರುವ ಇಂಥ ಅತಿಥಿಗಳನ್ನು ಯಾವ ಮನೆಯಲ್ಲೂ ಕಾಣಲಾಗದು. ಅವರಿಗೆ ತಿಂಗಳಿಗೆ 11ರಿಂದ 13 ಸಾವಿರ ಇದ್ದ ಗೌರವಧನ 2022ರ ಜನವರಿಯಲ್ಲಿ 26ರಿಂದ 32 ಸಾವಿರಕ್ಕೆ ಏರಿತು. ಅದರ ಜೊತೆಗೆ ವಾರದ ಪಾಠವೂ 15 ಗಂಟೆಗೆ ಏರಿತು. 15 ಗಂಟೆ ಒಬ್ಬರಿಗೇ ಕೊಡಬೇಕಾದಾಗ ಇನ್ನೊಬ್ಬರಿಗೆ ಕೆಲಸ ಇಲ್ಲದಂತಾಯಿತು. 2023ರ ನವೆಂಬರಿನಿಂದ ಸೇವಾ ಭದ್ರತೆ ಕೇಳಿಕೊಂಡು ವಾರಗಟ್ಟಲೆ ತರಗತಿ ಬಹಿಷ್ಕರಿಸಿ ಬೀದಿಯಲ್ಲಿ ಕೂತರು. 2024ರ ಜನವರಿಯಿಂದ 5ರಿಂದ 8 ಸಾವಿರ ಸೇರಿಸಿಕೊಟ್ಟರು. ಕಾಯಂ ಎಂಬ ಮಾತಿಗೆ ಮಾತ್ರ ಆ ಸಲ ಉತ್ತರ ಬರಲಿಲ್ಲ. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲದ ಮನುಷ್ಯನಿಗೆ 'ರಾತ್ರಿ ಕೂತು 180 ಪುಟ ತಿದ್ದಿ' ಎನ್ನುವ ಮುಖ ಯಾರಿಗಿದೆ? ಆದರೂ ತಿದ್ದುವವರು ಅಲ್ಲಲ್ಲಿ ಇದ್ದಾರೆ. ಅಂಥವರ ಕೈಲಿ ಕಲಿತ ಮಕ್ಕಳು ಎಲ್ಲಿದ್ದರೂ ಗುರುತು ಸಿಗುತ್ತದೆ.

ಮಾತಿನ ಲೆಕ್ಕ ಇಷ್ಟು ಕಠಿಣವಲ್ಲ. 60 ಮಕ್ಕಳು ತಲಾ ಮೂರು ನಿಮಿಷ ಮಾತಾಡಿದರೆ ಮೂರು ಗಂಟೆ. ಪ್ರತಿಯೊಬ್ಬರಿಗೂ ಎರಡು ನಿಮಿಷ 'ಇಲ್ಲಿ ಗಟ್ಟಿಯಾಗಿ ಹೇಳು, ಇಲ್ಲಿ ನಿಲ್ಲಿಸು' ಎಂದು ಹೇಳಿದರೆ ಇನ್ನೆರಡು ಗಂಟೆ. ಒಂದು ಸುತ್ತಿಗೆ ಐದು ಗಂಟೆ. ವಾರಕ್ಕೆ ನಾಲ್ಕು ಗಂಟೆಯ ಪೇಪರಿಗೆ 15 ವಾರದ ಸೆಮಿಸ್ಟರಿನಲ್ಲಿ 60 ಗಂಟೆ ಸಿಗುತ್ತದೆ. ಮೂರು ಸುತ್ತು ಮಾತಾಡಿಸಿದರೂ 15 ಗಂಟೆ ಖರ್ಚು, ಕಾಲು ಭಾಗ. ದುಡ್ಡು ಕೇಳದ, ಕಟ್ಟಡ ಕೇಳದ, ಮಂತ್ರಿಗಳಿಂದ ಉದ್ಘಾಟನೆಯೂ ಕೇಳದ ಕೆಲಸ. ಆದರೂ ಆಗುತ್ತಿಲ್ಲ ಯಾಕೆ? ಮಾತಾಡಿಸಿದರೆ ಪೋರ್ಷನ್ ಮುಗಿಯುವುದಿಲ್ಲ. ಪೋರ್ಷನ್ ಮುಗಿಯದಿದ್ದರೆ ರಿಸಲ್ಟ್ ಬೀಳುತ್ತದೆ. ರಿಸಲ್ಟ್ ಬಿದ್ದರೆ ನೋಟಿಸು ಬರುತ್ತದೆ. ಮಕ್ಕಳ ಬಾಯಿ ಬೀಳದೇ ಹೋದದ್ದಕ್ಕೆ ಇದುವರೆಗೆ ಯಾರಿಗೂ ನೋಟಿಸು ಬಂದದ್ದಿಲ್ಲ.

ಬಸ್ಸು ಬಿಟ್ಟರೆ ಕತ್ತಲು

ಭಾಷಣ, ಚರ್ಚಾ ಸ್ಪರ್ಧೆ ಎಲ್ಲ ಕಾಲೇಜಿನಲ್ಲೂ ನಡೆಯುತ್ತದಲ್ಲ ಎಂದು ಕೇಳಬಹುದು. ನಡೆಯುತ್ತದೆ. ಪಿರಿಯಡ್ ಮುಗಿದ ಮೇಲೆ ನಡೆಯುತ್ತದೆ. ಕುಂಸಿ, ಆಯನೂರು, ಹಾರನಹಳ್ಳಿ, ಹೊಳೆಹೊನ್ನೂರು ಕಡೆಯ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಸಂಜೆಯ ಬಸ್ಸು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೋ. ಬಸ್ಸಿಳಿದು ಊರೊಳಕ್ಕೆ ಒಂದೆರಡು ಮೈಲಿ ನಡೆಯುವ ಹುಡುಗಿ ಚರ್ಚಾ ಸ್ಪರ್ಧೆಯ ತಯಾರಿಗೆ ನಿಲ್ಲುವುದುಂಟೆ? ಮನೆಯವರು ಬಿಡುವುದುಂಟೆ?

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಎಂದಾಯಿತು. ಸಂತೋಷ. ಆದರೆ ಮಲೆನಾಡಿನ ಎಷ್ಟೋ ರೂಟಿನಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಶಕ್ತಿ ನಡೆಯುವುದಿಲ್ಲ, ಚಿಲ್ಲರೆ ನಡೆಯುತ್ತದೆ. ಕೊನೆಗೆ ಸಂಜೆ ವೇದಿಕೆ ಹತ್ತುವವರು ಪೇಟೆಯಲ್ಲೇ ಮನೆ ಇರುವ, ಬೈಕಿನಲ್ಲಿ ಬರುವ ನಾಲ್ಕಾರು ಜನ. ಸ್ಕೂಲಿನಿಂದಲೂ ಬಹುಮಾನ ಹೊಡೆಯುತ್ತ ಬಂದವರೂ ಅವರೇ. ಮಾತು ಬರುವವರಿಗೆ ಇನ್ನಷ್ಟು ಮಾತು, ಬಾರದವರಿಗೆ ಚಪ್ಪಾಳೆ ಹೊಡೆಯುವ ಕೆಲಸ. ಮಾತಾಡಿಸುವುದು ಪಿರಿಯಡ್ಡಿನ ಒಳಗೇ, ಹಾಜರಿ ಪುಸ್ತಕದ ಕ್ರಮದಲ್ಲೇ ಆಗಬೇಕು ಎನ್ನುವುದು ಈ ಕಾರಣಕ್ಕೆ. ಪುಸ್ತಕದಲ್ಲಿ ಹೆಸರಿದ್ದವರೆಲ್ಲ ಎದ್ದು ನಿಲ್ಲಲೇಬೇಕಾಗುತ್ತದೆ. ಬಸ್ಸೂ ತಪ್ಪುವುದಿಲ್ಲ.

ಬರವಣಿಗೆ, ಮಾತು ಎಲ್ಲ ಹುಟ್ಟಿನಿಂದ ಬರಬೇಕು, ಕಲಿಸಿದರೆ ಬರುವಂಥದ್ದಲ್ಲ ಎಂಬ ವಾದವೂ ಇದೆ. ಈ ಜಿಲ್ಲೆಯಲ್ಲಿ ನಿಂತು ಹಾಗೆ ಹೇಳುವುದಕ್ಕೆ ಧೈರ್ಯ ಬೇಕು. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಅಡಕೆ ತೋಟದವರು ಸೇರಿ 1949ರಲ್ಲಿ ನೀನಾಸಂ ಕಟ್ಟಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು. ಎಲ್ಲೆಲ್ಲಿಂದಲೋ ಬಂದ ಸಾಮಾನ್ಯ ಮನೆಯ ಹುಡುಗ ಹುಡುಗಿಯರಿಗೆ ದನಿ ಹೊರಡಿಸುವುದು, ಮಾತನ್ನು ಒಡೆದು ಹೇಳುವುದು ಅಲ್ಲಿ ದಿನನಿತ್ಯದ ಅಭ್ಯಾಸ. ವರ್ಷ ಮುಗಿಯುವಷ್ಟರಲ್ಲಿ ಅವರು ಸಾವಿರ ಜನರ ಮುಂದೆ ನಿಲ್ಲುತ್ತಾರೆ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಯಾವ ವಿಭಾಗದಲ್ಲಿ? ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆ. ಕಾಲೇಜುಗಳು ಯಾವ ಹೆಸರಿನ ಪೇಪರ್ ಇಟ್ಟು ನೋಟ್ಸ್ ಹೇಳುತ್ತಿವೆಯೋ ಅದೇ ವಿಷಯ.

ತೀರ್ಥಹಳ್ಳಿ ತಾಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ವಿಧಾನಸಭೆಗೆ ಹೋದಾಗ ಭಾಷಣ ಕಲೆಯ ಡಿಪ್ಲೊಮಾ ಹಿಡಿದು ಹೋಗಿರಲಿಲ್ಲ, ನಿಜ. ಆದರೆ 1951ರ ಕಾಗೋಡು ಸತ್ಯಾಗ್ರಹದಂಥ ಚಳವಳಿಯಲ್ಲಿ ಗೇಣಿದಾರರ ಎದುರು ನಿಂತು ಮಾತಾಡಿದ ಅಭ್ಯಾಸವಿತ್ತು. ಆ ಅಭ್ಯಾಸವೇ ಕಾಲೇಜಿನಲ್ಲಿ ಸಿಗದೇ ಇರುವುದು.

ತುಪ್ಪದಿಂದ ಅಡಕೆಯವರೆಗೆ

ಇನ್ನು ಜಾಹೀರಾತು. ಈ ಪಾಠದ ಗತಿ ಎಲ್ಲಕ್ಕಿಂತ ಮೋಜು. ಪುಸ್ತಕದಲ್ಲಿ ಲಂಡನ್, ನ್ಯೂಯಾರ್ಕಿನ ಏಜೆನ್ಸಿಗಳ ಹೆಸರಿರುತ್ತದೆ. ಕಿಟಕಿ ಆಚೆ ಕಾಣುವ ಬೋರ್ಡಿನ ಮಾತಿರುವುದಿಲ್ಲ.

ಶಿವಮೊಗ್ಗದಂಥ ಅಡಕೆ ಜಿಲ್ಲೆಯಲ್ಲಿ ಜಾಹೀರಾತಿನ ಮೊದಲ ಪಾಠ ಯಾವುದಾಗಬೇಕು? ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಸಿನಿಮಾ ನಟರು ಏಲಕ್ಕಿ, ಮೌತ್ ಫ್ರೆಶ್‌ನರ್ ಎಂದು ಹೇಳಿಕೊಂಡು ಅದೇ ಹೆಸರು, ಅದೇ ಬಣ್ಣದ ಪೊಟ್ಟಣ ತೋರಿಸುವುದು ಆಮೇಲೂ ನಿಲ್ಲಲಿಲ್ಲ. ಇದಕ್ಕೆ ಬದಲಿ ಜಾಹೀರಾತು ಎನ್ನುತ್ತಾರೆ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತಂದ ಮಾರ್ಗಸೂಚಿಯಲ್ಲಿ ಇಂಥದ್ದಕ್ಕೆ ನಿಷೇಧವಿದೆ. ಅಡಕೆ ಬೆಳೆದವರ ಮಕ್ಕಳು, ಮಂಡಿಯಲ್ಲಿ ಲೆಕ್ಕ ಬರೆಯುವವರ ಮಕ್ಕಳು ಕೂತ ತರಗತಿಯಲ್ಲಿ ಈ ಒಂದು ವಿಷಯ ಎತ್ತಿದರೆ ಒಂದು ಗಂಟೆಯ ಪಿರಿಯಡ್ ಸಾಲುವುದಿಲ್ಲ. ಬಾಯಿಲ್ಲದ ಹುಡುಗನೂ ಎದ್ದು ಮಾತಾಡುತ್ತಾನೆ.

ಅಂಗಡಿಯವರಿಗೂ ಇದರಲ್ಲಿ ಕೆಲಸವಿದೆ. ಹೊರಗೆ 'ಸೀರೆ ಕೇವಲ 199' ಎಂದು ಬರೆದು, ಒಳಗೆ ಹೋದರೆ 'ಅದು ಖಾಲಿಯಾಯ್ತಮ್ಮ, ಇದು ನೋಡಿ' ಎನ್ನುವುದು ಹಳೇ ವ್ಯಾಪಾರ ಬುದ್ಧಿ. ಮಾರುವಷ್ಟು ಮಾಲು ಇಟ್ಟುಕೊಳ್ಳದೆ ಅಗ್ಗದ ಆಸೆ ತೋರಿಸುವುದಕ್ಕೂ ಅದೇ ಮಾರ್ಗಸೂಚಿಯಲ್ಲಿ ತಡೆಯಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಸಕ್ಕರೆ ಕಾಯಿಲೆ, ಕ್ಯಾನ್ಸರು, ಪಾರ್ಶ್ವವಾಯು ವಾಸಿ ಮಾಡಿಕೊಡುತ್ತೇವೆ ಎಂಬ ಔಷಧಿ ಜಾಹೀರಾತಿಗೆ 1954ರಷ್ಟು ಹಿಂದೆಯೇ ಕಾನೂನು ಅಡ್ಡ ನಿಂತಿದೆ. ಹಾಕಿಸಿದವರಷ್ಟೇ ಅಲ್ಲ, ಅಚ್ಚು ಹಾಕುವ ಪತ್ರಿಕೆಗಳೂ ಇದನ್ನು ಓದಿಕೊಳ್ಳುವುದು ಒಳ್ಳೆಯದು. ಕೊನಗವಳ್ಳಿಯಲ್ಲಿ ಹುಟ್ಟಿ, ಇಂಗ್ಲಿಷ್ ಮೇಷ್ಟ್ರಾಗಿದ್ದ ಲಂಕೇಶರು 1980ರಲ್ಲಿ ಪತ್ರಿಕೆ ಶುರುಮಾಡಿ ಜಾಹೀರಾತೇ ಬೇಡ ಎಂದರು. ಅಷ್ಟು ಗಟ್ಟಿತನ ಎಲ್ಲರಿಗೂ ಇರುವುದಿಲ್ಲ. ಸುಳ್ಳು ಯಾವುದು, ಉತ್ಪ್ರೇಕ್ಷೆ ಯಾವುದು ಎಂದಾದರೂ ಗೊತ್ತಿರಬೇಡವೆ?

2024ರ ಫೆಬ್ರವರಿಯ ಗಡುವು ಅಂಗಡಿಯವರಿಗೆ ನೆನಪಿರಬಹುದು. ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು ಎಂದು ಕಾನೂನಾಯಿತು. ಎಲ್ಲರೂ ಬೋರ್ಡು ಬದಲಾಯಿಸಲು ಓಡಿದರು. 60 ಭಾಗ ಎಂದು ಅಳತೆ ಹೇಳಿದ ಕಾನೂನು ಕಾಗುಣಿತದ ಮಾತು ಹೇಳಲಿಲ್ಲ. ಇಂಗ್ಲಿಷ್ ಹೆಸರನ್ನೇ ಕನ್ನಡ ಲಿಪಿಯಲ್ಲಿ ಅಡ್ಡಾದಿಡ್ಡಿ ಹೊಡೆಸಿ ಪಾಲಿಕೆಯವರ ಕಣ್ಣು ತಪ್ಪಿಸಿಕೊಂಡದ್ದಾಯಿತು. ಅಂಥ ಹೊತ್ತಿನಲ್ಲಿ ಒಂದು ಕಾಲೇಜಿನ ಜಾಹೀರಾತು ತರಗತಿಯನ್ನು ಪೇಟೆಗೆ ಬಿಟ್ಟಿದ್ದರೆ? ಒಬ್ಬೊಬ್ಬ ಹುಡುಗನಿಗೆ ಐದೈದು ಅಂಗಡಿ, ಬೋರ್ಡಿನ ಮಾತು ಬರೆದುಕೊಡು ಎಂದಿದ್ದರೆ? ಅಂಗಡಿಗೆ ಒಳ್ಳೆ ಬೋರ್ಡು ಸಿಗುತ್ತಿತ್ತು, ಹುಡುಗನಿಗೆ ಆಂತರಿಕ ಅಂಕವೂ ಒಂದು ಪ್ಲೇಟು ಮಸಾಲೆದೋಸೆಯೂ ಸಿಗುತ್ತಿತ್ತು.

ಈಗಲೂ ತಡವಾಗಿಲ್ಲ. ಚಿನ್ನದಂಗಡಿ, ಬಟ್ಟೆ ಅಂಗಡಿಯವರೆಲ್ಲ ರೀಲ್ಸ್ ಮಾಡಿಸುವ ಕಾಲ ಇದು. ಮೂವತ್ತು ಸೆಕೆಂಡಿನಲ್ಲಿ ಏನು ಹೇಳಬೇಕು, ಏನು ಬಿಡಬೇಕು ಎಂದು ಬರೆದುಕೊಡುವವರು ಬೇಕು. ಅಂಗಡಿಯವರು ಕಾಸು ಕೊಡಲು ತಯಾರಾಗಬೇಕು, ಬಿಟ್ಟಿ ಅಲ್ಲ. ಅಕ್ಷರಕ್ಕೂ ಒಂದು ರೇಟು ಬಂದ ದಿನ ಈ ಪಾಠಕ್ಕೆ ಬೆಲೆ ಬರುತ್ತದೆ.

ಕೆ.ಪಿ.ಎಸ್.ಸಿ.ಗೂ ಬೇಕಿತ್ತು

ಬರೆಯಲು ಬರುವವರು ಪೇಟೆಗೆ ಮಾತ್ರ ಬೇಕು ಎಂದುಕೊಳ್ಳಬೇಡಿ. 2024ರ ಆಗಸ್ಟ್ 27ರಂದು ಕೆ.ಪಿ.ಎಸ್.ಸಿ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಗಲಾಟೆಯಾಗಿ, ಮುಖ್ಯಮಂತ್ರಿಗಳೇ ಮರುಪರೀಕ್ಷೆ ಮಾಡಿ ಎನ್ನಬೇಕಾಯಿತು. ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯಿತು. ಅದರಲ್ಲೂ ಅನುವಾದದ ತಪ್ಪು ಎಂದು ಮತ್ತೆ ಗಲಾಟೆ. ಹಳ್ಳಿಯಿಂದ ಹೋಗಿ ವರ್ಷಗಟ್ಟಲೆ ಕೋಚಿಂಗ್ ರೂಮಿನಲ್ಲಿ ಕೂತು ಓದಿದ ಕನ್ನಡ ಮಾಧ್ಯಮದ ಹುಡುಗ ಪ್ರಶ್ನೆಯೇ ಅರ್ಥವಾಗದೆ ಅಂಕ ಕಳೆದುಕೊಂಡ. ಫ್ಲೆಕ್ಸಿನ 'ಶುಭಾಷಯ' ನೋಡಿ ನಗಬಹುದು, ಇದಕ್ಕೆ ನಗುವುದು ಹೇಗೆ?

ಕೆಲಸವಿಲ್ಲದ ಪದವೀಧರರಿಗೆ ಎರಡು ವರ್ಷದ ಮಟ್ಟಿಗೆ ತಿಂಗಳಿಗೆ 3 ಸಾವಿರ ಕೊಡುವ ಯುವನಿಧಿಗೆ ಚಾಲನೆ ಕೊಟ್ಟದ್ದು ಇದೇ ಶಿವಮೊಗ್ಗದಲ್ಲಿ, 2024ರ ಜನವರಿ 12ರಂದು. ಡಿಗ್ರಿ ಮುಗಿದ ಮೇಲೆ ಕೊಡುವ ಆ ದುಡ್ಡಿನ ಒಂದು ಪಾಲನ್ನು ಡಿಗ್ರಿ ನಡೆಯುವಾಗಲೇ ಪುಟ ತಿದ್ದುವ ಗಂಟೆಗೆ ಕೊಟ್ಟರೆ ಏನಾಗುತ್ತಿತ್ತು ಎಂದು ವಿಧಾನಸೌಧದಲ್ಲಿ ಯಾರೂ ಕೇಳಿದಂತಿಲ್ಲ.

ಇದರ ಮಧ್ಯೆ 2022ರ ಕೊನೆಗೆ ಚಾಟ್‌ಜಿಪಿಟಿ ಬಂತು. ಮನೆಯಲ್ಲಿ ಬರೆದು ತನ್ನಿ ಎಂಬ ಅಸೈನ್‌ಮೆಂಟಿನ ಕಥೆ ಅಲ್ಲಿಗೆ ಮುಗಿಯಿತು. ಮೊಬೈಲಿಗೆ ಹೇಳಿದರೆ ಅರ್ಜಿಯೂ ರೆಡಿ, ಪ್ರಬಂಧವೂ ರೆಡಿ. ಹುಡುಗ ಅದನ್ನು ತನ್ನ ಅಕ್ಷರದಲ್ಲಿ ಇಳಿಸಿಕೊಂಡು ಬರುತ್ತಾನೆ, ಮೇಷ್ಟ್ರು ಸಹಿ ಹಾಕುತ್ತಾರೆ. ಇಬ್ಬರಿಗೂ ಗೊತ್ತು, ಇಬ್ಬರೂ ಸುಮ್ಮನಿರುತ್ತಾರೆ. ಬರೆಸುವುದಿದ್ದರೆ ಇನ್ನು ತರಗತಿಯಲ್ಲೇ, ಕಣ್ಣೆದುರಿಗೇ ಬರೆಸಬೇಕು. ಅದು ಆಗದ ಕೆಲಸವೇನಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಎಲ್ಲರೂ ಬರೆಯಲಿ. ಮೇಷ್ಟ್ರು ಎಲ್ಲವನ್ನೂ ತಿದ್ದುವುದು ಬೇಡ, ವಾರಕ್ಕೆ 20 ಪುಟ ತಿದ್ದಲಿ. ಒಂದು ತರಗತಿಗೆ ಎರಡು ಮುಕ್ಕಾಲು ಗಂಟೆಯ ಒಳಗಿನ ಕೆಲಸ. ಮೂರು ವಾರಕ್ಕೊಮ್ಮೆ ಪ್ರತಿಯೊಬ್ಬರ ಸರದಿ ಬರುತ್ತದೆ, ಸೆಮಿಸ್ಟರಿಗೆ ಐದು ಸಲ. ಆ ಸಮಯವನ್ನು ಕಾರ್ಯಭಾರ ಎಂದು ಬರೆದುಕೊಳ್ಳಲು ಒಂದು ಸುತ್ತೋಲೆ ಸಾಕು. ಇಲಾಖೆ ಇದಕ್ಕಿಂತ ಸಣ್ಣ ವಿಷಯಕ್ಕೂ ಸುತ್ತೋಲೆ ಹೊರಡಿಸಿದ್ದುಂಟು.

2024ರ ಆದೇಶದ ನಂತರ ಸೇರಿದ ಮೊದಲ ಬ್ಯಾಚು ಡಿಗ್ರಿ ಮುಗಿಸುವುದು 2027ರಲ್ಲಿ. ಪೇಪರಿನ ಹೆಸರು, ಯೂನಿಟ್ಟು ತೀರ್ಮಾನಿಸುವ ಪಠ್ಯ ಮಂಡಳಿಗಳು ಆಗಾಗ ಸೇರುತ್ತಲೇ ಇರುತ್ತವೆ. ಮುಂದಿನ ಸಲ ಸೇರಿದಾಗ ಭಾಷಣ ಕಲೆಯ ಪೇಪರಿನಲ್ಲಿ ಹುಡುಗರು ಎಷ್ಟು ನಿಮಿಷ ನಿಂತು ಮಾತಾಡಬೇಕು, ಬರವಣಿಗೆಯ ಪೇಪರಿನಲ್ಲಿ ಎಷ್ಟು ಪುಟಕ್ಕೆ ಕೆಂಪು ಶಾಯಿ ಬೀಳಬೇಕು ಎಂಬ ಎರಡು ಸಾಲು ಸೇರಿಸಿದರೆ ಸಾಕು. ಆಯನೂರಿನ ಹುಡುಗಿಗೆ ಹಾಜರಿ ಪುಸ್ತಕದಲ್ಲಿ ತನ್ನ ಹೆಸರು ಎಷ್ಟನೆಯದು ಎಂದು ಗೊತ್ತಿದೆ. ಆ ಮೂರು ನಿಮಿಷದಲ್ಲಿ ಏನು ಹೇಳಬೇಕೆಂದು ಬಸ್ಸಿನಲ್ಲೇ ಯೋಚನೆ ಮಾಡಿಕೊಂಡು ಬರುತ್ತಾಳೆ.